ಭತ್ತದ ಯಂತ್ರಕ್ಕೆ ಕಟ್ಟಿದ ಬುತ್ತಿ

ಹೆಸರಿಡದೆ ಯಾವ ಕೆಲಸವೂ ಆಗುವುದಿಲ್ಲ ಎಂದು ನನಗೆ ಬುದ್ಧಿ ಹೇಳಿದವರು ಬಹಳ ಮಂದಿ. ಅವರಲ್ಲಿ ಒಬ್ಬರ ಜೊತೆಗೂ ನಾನು ರಾಜಿಯಾಗಿಲ್ಲ, ಆಗುವ ಅಂದಾಜೂ ಇಲ್ಲ. ಈ ಬರಹದಲ್ಲೂ ಯಾರ ಹೆಸರೂ ಇಲ್ಲ. ಓದುವವರಿಗೆ ಎಲ್ಲಾದರೂ ದಾರಿ ತಪ್ಪಿದರೆ ನನ್ನನ್ನು ಬೈಯಲಿ.

ಬಳ್ಳಾರಿಯಲ್ಲಿ, ಜೀನ್ಸ್ ಹೊಲಿಯುವ ಮಿಷನ್ನುಗಳ ಸದ್ದು ಬೆಳಗಾಗುತ್ತಲೇ ಶುರುವಾಗುವ ಓಣಿಯೊಂದರಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಪಂಪು, ಬಾಯ್ಲರು, ಭತ್ತ ಒಣಗಿಸುವ ಡ್ರೈಯರು ಇವೆಲ್ಲ ಮನುಷ್ಯರು ಕಾಯದೆ ತಾವಾಗಿ ನಡೆಯುವಂತೆ ಮಾಡುವ ಕಂಟ್ರೋಲ್ ಡಬ್ಬಿಗಳನ್ನು ಕಟ್ಟುವುದು ನನ್ನ ಕಸುಬು. ಬೆಸುಗೆಯೂ ನನ್ನದೇ, ಡಬ್ಬಿಯೊಳಗಿನ ಪ್ರೋಗ್ರಾಮೂ ನನ್ನದೇ. ಅಂಗಡಿಗೆ ಮೊದಲ ಸಲ ಬರುವವರು ಬಾಗಿಲಲ್ಲೇ ನಿಂತು, "ಸಾಹೇಬ್ರು ಅದಾರೇನ್ರಿ?" ಎಂದು ಕೇಳುತ್ತಾರೆ. "ಅದೀನಿ, ಒಳಗ ಬರ್ರಿ" ಎನ್ನುತ್ತೇನೆ. ಕೆಲವರು ಒಳಗೆ ಬಂದು, ಹೆಂಗಸೊಬ್ಬಳೇ ಕೂತಿರುವುದನ್ನು ನೋಡಿದ ಮೇಲೂ ಇನ್ನೂ ಯಾರಿಗೋ ಕಾಯುತ್ತಿರುತ್ತಾರೆ.

ನಾನು ಪ್ರೋಗ್ರಾಮ್ ಬರೆಯುವ ಭಾಷೆ ಹಳೆಯ ಬಗೆಯದು. ಸಣ್ಣ ಚಿಪ್‌ನಲ್ಲೂ ಹಿಡಿಸುತ್ತದೆ ಎಂದು ಕಲಿತೆ, ಆಮೇಲೆ ಬಿಡಲಾಗಲಿಲ್ಲ. ಬೇರೆ ಭಾಷೆಗಳಲ್ಲಿ ಪ್ರತಿಯೊಂದು ಅಳತೆಗೂ ಒಂದು ಹೆಸರು ಕೊಟ್ಟು, ಬೇಕಾದಾಗಲೆಲ್ಲ ಆ ಹೆಸರು ಹಿಡಿದು ಕರೆಯಬೇಕು. ಇದರಲ್ಲಿ ಹಾಗಿಲ್ಲ. ಅಳತೆಗಳು ಬುಟ್ಟಿಯಲ್ಲಿ ರೊಟ್ಟಿ ಪೇರಿಸಿದಂತೆ ಒಂದರ ಮೇಲೊಂದು ಕೂರುತ್ತವೆ. ಪ್ರೋಗ್ರಾಮಿನ ಒಂದೊಂದು ಪದವೂ ಒಂದೊಂದು ಕೆಲಸ. ಆ ಪದ ಮೇಲಿನ ರೊಟ್ಟಿಯನ್ನು ತೆಗೆದುಕೊಂಡು, ತನ್ನ ಕೆಲಸ ಮಾಡಿ, ಆದದ್ದನ್ನು ಮತ್ತೆ ಮೇಲೆ ಇಡುತ್ತದೆ. ಮುಂದಿನ ಪದ ಅದನ್ನು ಎತ್ತಿಕೊಳ್ಳುತ್ತದೆ. ಪದದ ಪಕ್ಕ ಪದ ಬರೆಯುತ್ತ ಹೋದರೆ ಕೆಲಸದ ಬೆನ್ನಿಗೆ ಕೆಲಸ ಕೂಡಿಕೊಳ್ಳುತ್ತದೆ. ಕೆಲಸಗಳಿಗೆ ಹೆಸರುಂಟು. ಕೆಲಸ ಯಾವುದರ ಮೇಲೆ ನಡೆಯುತ್ತದೋ ಅದಕ್ಕೆ ಹೆಸರಿಲ್ಲ.

ಇದರಲ್ಲೂ ಒಂದು ಗೋಳಿದೆ, ಇಲ್ಲವೆನ್ನುವುದಿಲ್ಲ. ಬೇಕಾದ ರೊಟ್ಟಿ ಮೇಲೆ ಇರದೆ ಅಡಿಯಲ್ಲಿದ್ದರೆ ಏನು ಮಾಡುವುದು? ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ, ಮೂರನೆಯದನ್ನು ಎಳೆದು ಮುಂದೆ ಎಂದು ಅದಲುಬದಲು ಮಾಡುವ ಪದಗಳಿವೆ. ಹೊಸದಾಗಿ ಕಲಿಯುವವರೆಲ್ಲ ಅವುಗಳಲ್ಲೇ ಮುಳುಗುತ್ತಾರೆ. ಅಂಥ ಪ್ರೋಗ್ರಾಮನ್ನು ಓದಬೇಕಾದರೆ ಯಾವ ರೊಟ್ಟಿ ಈಗ ಎಲ್ಲಿದೆ ಎಂದು ತಲೆಯಲ್ಲೇ ಇಟ್ಟುಕೊಳ್ಳಬೇಕು. ಒಂದು ಫೋನ್ ಬಂದರೆ ಮುಗಿಯಿತು, ಮತ್ತೆ ಮೊದಲಿನಿಂದ ಶುರು.

ಈ ಗೋಳಿಗೆ ಮದ್ದು ಕಾಂಬಿನೇಟರ್. ಹೆಸರು ದೊಡ್ಡದು, ವಸ್ತು ಸರಳ. ಅಳತೆಗಳನ್ನಲ್ಲ, ಕೆಲಸಗಳನ್ನೇ ತೆಗೆದುಕೊಂಡು ಒಂದಕ್ಕೊಂದು ಕೂಡಿಸುವ ಪದ ಅದು. ಈಗಲೇ ಮಾಡಬೇಡ, ಆಮೇಲೆ ಮಾಡು ಎನ್ನುವ ಕೆಲಸವನ್ನು ಕಂಸದೊಳಗೆ ಕಟ್ಟಿ ಅದರ ಕೈಗೆ ಕೊಡಬೇಕು. ಅದನ್ನು ಯಾವಾಗ, ಯಾವುದರ ಮೇಲೆ ಬಿಚ್ಚಬೇಕು ಎಂದು ಅದೇ ನೋಡಿಕೊಳ್ಳುತ್ತದೆ.

ಹೀಗೆ ಕಟ್ಟಿಕೊಟ್ಟ ಕೆಲಸಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂದು ಬಹಳ ದಿನ ಹೊಳೆದಿರಲಿಲ್ಲ. ಒಮ್ಮೆ ತವರಿಗೆಂದು ಕುರುಗೋಡಿಗೆ ಹೋದಾಗ ಅವ್ವ ಹೊಲಕ್ಕೆ ಹೋಗುವ ಅಣ್ಣನಿಗೆ ಬುತ್ತಿ ಕಟ್ಟುತ್ತಿದ್ದಳು. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಎಲ್ಲ ಒಂದು ಬಟ್ಟೆಯಲ್ಲಿ. ಈಗ ಉಣ್ಣುವುದಲ್ಲ, ಆಮೇಲೆ ಹೊಲದಲ್ಲಿ ಬಿಚ್ಚಿ ಉಣ್ಣುವುದು. ನಾನು ಕೂತಲ್ಲಿಂದಲೇ "ಬುತ್ತಿ!" ಎಂದು ಕೂಗಿದೆ.

"ಯಾಕ ಬಡಕೋತೀ? ನಿನಗೂ ಕಟ್ಟಲೇನು?" ಎಂದಳು ಅವ್ವ.

"ನನಗಲ್ಲಬೇ, ನನ್ನ ಮಿಷನ್ನಿಗೆ."

"ಮಿಷನ್ನಿಗೆ ಕಟ್ಟು, ನೀ ಮಾತ್ರ ಹೋಟೆಲ್ಲಿನ ಇಡ್ಲಿ ತಿನ್ನು" ಎಂದು ಮೂತಿ ತಿರುವಿದಳು.

ಅಂದಿನಿಂದ ಕಂಸದೊಳಗಿನ ಕೆಲಸ ನನಗೆ ಬುತ್ತಿ. ಕಾಂಬಿನೇಟರುಗಳಿಗೂ ನನ್ನವೇ ಹೆಸರು ಕೊಟ್ಟೆ. 'ಎತ್ತಿಟ್ಟು' ಎಂಬುದು ಮೇಲಿನ ರೊಟ್ಟಿಯನ್ನು ಪಕ್ಕಕ್ಕಿಟ್ಟು, ಕೆಳಗಿನದರ ಮೇಲೆ ಬುತ್ತಿ ಬಿಚ್ಚಿ, ಮತ್ತೆ ಮೇಲಿನದನ್ನು ಇದ್ದಲ್ಲೇ ಇಡುತ್ತದೆ. 'ಉಳಿಸಿ' ಎಂಬುದು ಅಳತೆಯನ್ನು ಕೆಲಸಕ್ಕೂ ಕೊಟ್ಟು, ಆಮೇಲೆ ಬೇಕಾದೀತೆಂದು ಬುಟ್ಟಿಯಲ್ಲೂ ಉಳಿಸುತ್ತದೆ. ಇನ್ನೊಂದು, ಒಂದೇ ಅಳತೆಯ ಮೇಲೆ ಎರಡು ಬುತ್ತಿ ಬಿಚ್ಚುವುದು. ಪುಸ್ತಕಗಳಲ್ಲಿ ಅದಕ್ಕೆ 'ಬೈ' ಎನ್ನುತ್ತಾರೆ. ನಮ್ಮ ಕಡೆ ಹಾಗೆ ಬರೆದರೆ ಕೆಲಸ ಬಿಟ್ಟು ಜಗಳಕ್ಕೆ ನಿಲ್ಲುತ್ತಾರೆಂದು 'ಎರಡೂ' ಎಂದಿಟ್ಟೆ. ಇವು ಬಂದ ಮೇಲೆ ನನ್ನ ಪ್ರೋಗ್ರಾಮಿನಲ್ಲಿ ಅದಲುಬದಲಿನ ಪದ ಒಂದೂ ಉಳಿಯಲಿಲ್ಲ.

ಜಗಳ ಎದ್ದದ್ದು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ. ಗಿರಣಿಯ ಯಜಮಾನರ ಹಿರಿಯರು ಆಂಧ್ರದ ಕಡೆಯಿಂದ ಬಂದು ನೆಲೆ ನಿಂತವರು. ಅವರಿಗೆ ಮನೆಯಲ್ಲಿ ತೆಲುಗು, ಗಿರಣಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಅವರ ಡ್ರೈಯರಿಗೆ ನನ್ನ ಡಬ್ಬಿ ಕೂರಿಸಿದ್ದೆ. ಹಸಿ ಭತ್ತವನ್ನು ಬಿಸಿ ಗಾಳಿಯಲ್ಲಿ ಹದವಾಗಿ ಒಣಗಿಸುವುದು ಅದರ ಕೆಲಸ. ಕಡಿಮೆ ಒಣಗಿದರೆ ಭತ್ತ ಮುಗ್ಗಲು ಹಿಡಿಯುತ್ತದೆ, ಹೆಚ್ಚು ಒಣಗಿದರೆ ಅಕ್ಕಿ ಒಡೆದು ನುಚ್ಚಾಗುತ್ತದೆ. ಡಬ್ಬಿ ಆಗಾಗ ಭತ್ತದ ತೇವ ಅಳೆದು, ಅದಕ್ಕೆ ತಕ್ಕಂತೆ ಉರಿಯನ್ನೂ ಗಾಳಿಯನ್ನೂ ಹೊಂದಿಸುತ್ತಿತ್ತು. ಎರಡು ಸುಗ್ಗಿ ಚೆನ್ನಾಗಿಯೇ ನಡೆದಿತ್ತು. ಆ ಡಬ್ಬಿ ನೋಡಿಯೇ ಸುತ್ತಲಿನ ಗಿರಣಿಗಳವರು ನನ್ನನ್ನು ಕರೆಯಲು ಶುರು ಮಾಡಿದ್ದರು.

ಆಗ ಡ್ರೈಯರ್ ಕಂಪನಿಯ ಇಂಜಿನಿಯರ್ ಒಬ್ಬ ಗಾಳಿಯ ಫ್ಯಾನು ನೋಡಲು ಬಂದ. ನನ್ನ ಡಬ್ಬಿಗೆ ತನ್ನ ಲ್ಯಾಪ್‌ಟಾಪ್ ಜೋಡಿಸಿ ಪ್ರೋಗ್ರಾಮ್ ತೆರೆದು ನೋಡಿದ. ನನ್ನನ್ನು ಕರೆಸಿದರು. ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಅವನು ಯಜಮಾನರಿಗೆ ಅರ್ಧ ಹೇಳಿ ಮುಗಿಸಿದ್ದ.

"ಮೇಡಂ, ಇದರಲ್ಲಿ ಒಂದೂ ವೇರಿಯಬಲ್ ಇಲ್ಲ. ತೇವದ ಅಳತೆಗೆ ಹೆಸರೇ ಇಲ್ಲ. ಅದು ಎಲ್ಲಿದೆ, ಎಲ್ಲಿಗೆ ಹೋಯ್ತು ಅಂತ ಇನ್ನೊಬ್ಬರಿಗೆ ಹೇಗೆ ಗೊತ್ತಾಗಬೇಕು?" ಎಂದ.

"ಎಲ್ಲಿಗೆ ಹೋಗ್ತದ? ಮುಂದಿನ ಪದಕ್ಕ ಹೋಗ್ತದ. ಸಾಲು ಓದ್ರಿ, ಕಾಣಸ್ತದ."

"ನನಗೆ ಕಾಣಿಸ್ತಿಲ್ಲ."

"ಕಾಣಸಲ್ಲ ಅಂದ್ರ ಅದು ಇಲ್ಲಂತೇನು?"

ಅವನು ಕೆಟ್ಟವನಲ್ಲ. ಅದಲುಬದಲಿನ ಪದಗಳೇ ತುಂಬಿದ ಪ್ರೋಗ್ರಾಮಾಗಿದ್ದರೆ ನಾನೂ ಅವನ ಪಕ್ಷವೇ ಹಿಡಿಯುತ್ತಿದ್ದೆ. ಆದರೆ ನನ್ನ ಸಾಲು ಹೀಗಿತ್ತು: ತೇವ, ಆಮೇಲೆ ಕಂಸದಲ್ಲಿ ಉರಿ-ಹೊಂದಿಸು, ಕಂಸದಲ್ಲಿ ಗಾಳಿ-ಹೊಂದಿಸು, ಕೊನೆಗೆ ಎರಡೂ. ಇದನ್ನು ಓದಲಾಗುವುದಿಲ್ಲ ಎಂದರೆ ನನಗೆ ಮೈ ಉರಿಯುತ್ತದೆ. ನಮ್ಮ ಅಜ್ಜಿ ಬದುಕಿದ್ದಷ್ಟು ದಿನ ಹೆಸರು ಹಿಡಿದು ಕರೆದದ್ದು ಎಮ್ಮೆಗಳನ್ನು ಮಾತ್ರ. ಮನೆಯಲ್ಲಿ ಅಷ್ಟು ಜನರಿದ್ದೆವು. ದೊಡ್ಡಾತ, ಸಣ್ಣಾತ, ನಡುವಲಾಕಿ, ಹಿತ್ತಲ ಕಡೆಯಾಕಿ ಎಂದು ಯಾರು ಯಾರಿಗೆ ಏನಾಗಬೇಕೋ ಅದರಿಂದಲೇ ಮಾತು ಸಾಗುತ್ತಿತ್ತು. ಒಬ್ಬರಿಗೆ ಹೇಳಿದ ಕೆಲಸ ಇನ್ನೊಬ್ಬರಿಗೆ ಹೋದದ್ದು ನಾನು ನೋಡಿಲ್ಲ. ಗಂಡನ ಹೆಸರು ಹೇಳಬಾರದು ಎಂಬ ಕಟ್ಟಳೆಯನ್ನು ನಾನು ಹೊಗಳುತ್ತಿಲ್ಲ. ಅದಕ್ಕೆ ಬೆಂಕಿ ಬೀಳಲಿ. ಹೇಳಬಾರದು ಎನ್ನುವುದು ಬೇರೆ, ಹೇಳುವ ಅಗತ್ಯವೇ ಬೀಳದಂತೆ ಮನೆ ನಡೆಸುವುದು ಬೇರೆ.

ಇದನ್ನೆಲ್ಲ ಜೋರಾಗಿಯೇ ಹೇಳಿದೆ. ಯಜಮಾನರು ತಾಳ್ಮೆಯಿಂದ ಕೇಳಿ, ಹೆಗಲ ಮೇಲಿನ ಟವೆಲಿನಿಂದ ಮುಖದ ಮೇಲಿನ ತವುಡಿನ ಧೂಳು ಒರೆಸಿಕೊಂಡರು.

"ನೋಡಮ್ಮಾ, ಹೆಸರು ಇಡು, ಬಿಡು, ಅದು ನಿನ್ನ ಇಷ್ಟ. ನನಗ ಬೇಕಾದ್ದು ಬ್ಯಾರೆ. ನಾಳೆ ನೀ ಎಲ್ಯಾರ ಬಿದ್ದು ಕಾಲು ಮುರಕೊಂಡ್ರ ನನ್ನ ಭತ್ತ ಯಾರು ನೋಡ್ತಾರ? ಸುಗ್ಗಿ ಬರೋ ತನಕ ಟೈಮ್ ಐತಿ. ನಮ್ಮ ಗಿರಣ್ಯಾಗ ಯಾರಾರ ಒಬ್ರು ಇದನ್ನ ಓದಿ, ನನ್ನ ಮುಂದ ತಿದ್ದಿ ತೋರಿಸ್ಬೇಕು. ಆಗಲಿಲ್ಲಂದ್ರ ನಿನ್ನ ಡಬ್ಬಿ ಬಿಚ್ಕೊಂಡು ಹೋಗು. ಕಂಪನೀದು ಹಾಕಸ್ತೀನಿ."

ಆ ಮಾತು ಚುಚ್ಚಿತು, ಯಾಕೆಂದರೆ ಅದರಲ್ಲಿ ತಪ್ಪಿರಲಿಲ್ಲ. ಈ ಗಿರಣಿಯಿಂದ ಡಬ್ಬಿ ಇಳಿದರೆ ಉಳಿದ ಗಿರಣಿಗಳಿಂದಲೂ ಇಳಿಯುತ್ತದೆ, ಸಿರುಗುಪ್ಪದ ಬಸ್ಸು ಹತ್ತುವ ಕೆಲಸ ನನಗಿರುವುದಿಲ್ಲ. ಆದರೂ ಭಾಷೆ ಬದಲಿಸುತ್ತೇನೆ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. "ಕೂಡಸ್ರಿ ಯಾರನ್ನ ಕೂಡಸ್ತೀರೋ" ಎಂದೆ.

ಅವರು ಮಗನನ್ನು ಕೂರಿಸಿದರು. ಲಾರಿಗಳ ವಹಿವಾಟು ನೋಡಿಕೊಳ್ಳುವವನು. ಒಂದು ಮಧ್ಯಾಹ್ನ ಬಂದು ಕೂತ, ನಾನು ಹೇಳುವಾಗಲೆಲ್ಲ ಫೋನಿನಲ್ಲಿ ಡ್ರೈವರುಗಳನ್ನು ಗದರಿಸುತ್ತಿದ್ದ. ಮರುವಾರ ಬರಲೇ ಇಲ್ಲ. ನಾನು ಖಾಲಿ ಕುರ್ಚಿಯ ಮುಂದೆ ಕೂತು ಯಾರನ್ನು ಬೈಯಲಿ ಎಂದು ನೋಡುತ್ತಿದ್ದಾಗ ಅವನ ಹೆಂಡತಿ ಒಳಗೆ ಬಂದಳು. ತವರು ಕೆಂಚನಗುಡ್ಡ. ಬಿ.ಕಾಂ. ಓದಿ, ಮದುವೆಯಾಗಿ ಬಂದ ಮೇಲೆ ಗಿರಣಿಗೆ ಬರುವ ಭತ್ತದ ತೇವ ಮೀಟರಿನಲ್ಲಿ ಅಳೆದು ನೋಡುವ ಕೆಲಸ ಹಿಡಿದಿದ್ದವಳು.

"ಅಕ್ಕಾ, ಅವರ ಬದ್ಲಿ ನಾ ಕುಂದ್ರಲೇನ್ರಿ?" ಎಂದಳು.

"ಬದ್ಲಿ ಯಾಕ? ನಿನಗಂತ ನೀ ಕುಂದ್ರು" ಎಂದೆ.

ಡ್ರೈಯರಿನ ಕಬ್ಬಿಣದ ಮೈಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದೆ. ಒಂದು ದಿನ ಅವರ ಅಡುಗೆಮನೆಯಿಂದ ರೊಟ್ಟಿ ಬುಟ್ಟಿಯನ್ನೇ ತರಿಸಿ, ಎತ್ತಿ, ಇಟ್ಟು, ತೋರಿಸಿದೆ. ಒಳಗಿನಿಂದ ಅವಳ ಅತ್ತೆ, "ರೊಟ್ಟಿ ತಿನ್ನಾಕ ಇಟ್ಟಾರೋ ಆಡಾಕ ಇಟ್ಟಾರೋ?" ಎಂದು ಕೂಗಿದರು. ನಾವು ನಗುತ್ತ ಬುಟ್ಟಿ ವಾಪಸು ಕಳಿಸಿದೆವು. ಅವಳಿಗೆ ಬೇಗ ಬಂತು ಎನ್ನಲಾರೆ. 'ಎತ್ತಿಟ್ಟು' ಎಲ್ಲಿ, 'ಉಳಿಸಿ' ಎಲ್ಲಿ ಎಂದು ಬಹಳ ದಿನ ತಡವರಿಸಿದಳು. ನನಗೂ ಸಿಟ್ಟು ಬರುತ್ತಿತ್ತು, ಗದರಿಸಿದ್ದೂ ಉಂಟು. ಅವಳು ಗದರಿಕೆಗೆ ಬಗ್ಗುವ ಪೈಕಿ ಅಲ್ಲ, ತಿರುಗಿ ಕೇಳುತ್ತಿದ್ದಳು. ಒಂದು ದಿನ ಬರೆಯುತ್ತಿದ್ದ ಕೈ ನಿಲ್ಲಿಸಿ ಕೇಳಿದಳು.

"ಅಕ್ಕಾ, ಬುತ್ತಿಯೊಳಗ ಬುತ್ತಿ ಕಟ್ಟಬಹುದೇನ್ರಿ?"

ನನಗೆ ಎದ್ದು ಅಪ್ಪಿಕೊಳ್ಳಬೇಕೆನಿಸಿತು. ಈ ಭಾಷೆಯ ಬಲವೆಲ್ಲ ಆ ಪ್ರಶ್ನೆಯಲ್ಲೇ ಇದೆ. ಕಟ್ಟಿದ ಕೆಲಸವೂ ಒಂದು ವಸ್ತುವೇ. ಅದನ್ನು ಇನ್ನೊಂದು ಕೆಲಸದೊಳಗೆ ಕಟ್ಟಬಹುದು, ಅದನ್ನು ಮತ್ತೊಂದರೊಳಗೆ. ಹೀಗೆ ಚಿಕ್ಕ ಚಿಕ್ಕ ಕೆಲಸಗಳಿಂದ ಎಷ್ಟು ದೊಡ್ಡದನ್ನಾದರೂ ಕೂಡಿಸಬಹುದು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವಳಾಗಿ ಕೇಳಿದಳು.

ಸುಗ್ಗಿ ಬಂತು. ಕಾಲುವೆ ಬಯಲಿನ ಹಸಿ ಭತ್ತ ಗಿರಣಿಯ ಅಂಗಳದಲ್ಲಿ ಗುಡ್ಡೆ ಬಿತ್ತು. ಯಜಮಾನರು ಇಂಜಿನಿಯರನ್ನೂ ಕರೆಸಿದ್ದರು. ಏನು ತಿದ್ದಬೇಕು ಎಂದು ಅವನೇ ಹೇಳಲಿ ಎಂದರು. ಭತ್ತ ಹದ ಮೀರಿ ಒಣಗುತ್ತಿದ್ದರೆ ಗಂಟೆ ಬಾರಿಸಬೇಕು ಎಂದು ಅವನು ಹೇಳಿದ. ಒಳ್ಳೆಯ ಪ್ರಶ್ನೆ. ಒಂದೇ ಅಳತೆಯನ್ನು ಈಗ ಮೂರು ಕೆಲಸ ಕೇಳುತ್ತವೆ.

ಸೊಸೆ ಲ್ಯಾಪ್‌ಟಾಪ್ ಮುಂದೆ ಕೂತಳು. ಉರಿ, ಗಾಳಿ, ಎರಡೂ, ಈ ಇಡೀ ಸಾಲನ್ನು ಒಂದು ದೊಡ್ಡ ಬುತ್ತಿಯಾಗಿ ಕಟ್ಟಿದಳು. ಅದರ ಮುಂದೆ 'ಉಳಿಸಿ' ಬರೆದಳು, ಉರಿ ಮತ್ತು ಗಾಳಿಯ ಕೆಲಸ ಮುಗಿದರೂ ಅಳತೆ ಉಳಿಯಲಿ ಎಂದು. ಆಮೇಲೆ ಗಂಟೆಯ ಬುತ್ತಿ. ನಾನು ಇಣುಕಿ ನೋಡಲಿಲ್ಲ. ಅವಳ ಪರೀಕ್ಷೆಯಲ್ಲಿ ನನ್ನ ಕಣ್ಣು ಕೂಡ ಇರಬಾರದು ಎಂಬ ಹಟ ನನಗೆ. ಡಬ್ಬಿಗೆ ಹಾಕಿದಳು, ಡ್ರೈಯರ್ ಶುರುವಾಯಿತು. ಒಣಗಿದ ಕಾಳು ತೋರಿಸಿದಾಗ ಗಂಟೆ ಬಾರಿಸಿತು, ಹಸಿ ಕಾಳಿಗೆ ಸುಮ್ಮನಿತ್ತು. ಯಜಮಾನರು ಟೀ ತರಿಸಿದರು.

ಟೀ ಕುಡಿಯುತ್ತಿದ್ದಂತೆ ಡಬ್ಬಿ ನಿಂತುಹೋಯಿತು. ಕೆಂಪು ದೀಪ ಹತ್ತಿತು, ಉರಿ ತಾನಾಗಿ ಆರಿತು.

"ಏಮಿಟಿದಿ? ಏನಿದು?" ಎಂದು ಯಜಮಾನರು ಎದ್ದರು. ಹಮಾಲರು ಚೀಲ ಇಳಿಸುವುದು ಬಿಟ್ಟು ನಿಂತರು. ಸೊಸೆಯ ಮುಖ ಬಿಳಿಚಿಕೊಂಡಿತ್ತು.

"ಅಮ್ಮಾ, ಸಾಕು. ನೀನ ನೋಡಿ ಸರಿ ಮಾಡು. ಭತ್ತ ಕಾಯಾಕತ್ತೈತಿ" ಎಂದು ಯಜಮಾನರು ನನ್ನತ್ತ ತಿರುಗಿದರು.

ದೀಪ ಮಿನುಗಿದ ರೀತಿಯಿಂದಲೇ ನನಗೆ ಗೊತ್ತಾಗಿತ್ತು. ಡಬ್ಬಿಯೊಳಗಿನ ಅಳತೆಗಳ ಬುಟ್ಟಿ ತುಂಬಿ, ಇಡಲು ಜಾಗವಿಲ್ಲದೆ ನಿಂತಿದೆ. ನಾನು ಕೀ ಒತ್ತಿದ್ದರೆ ಟೀ ಆರುವ ಮೊದಲೇ ಡ್ರೈಯರ್ ನಡೆಯುತ್ತಿತ್ತು. ಆದರೆ ಹಾಗೆ ಮಾಡಿದರೆ ಇಂಜಿನಿಯರ್ ಹೇಳಿದ್ದೇ ನಿಜವಾಗುತ್ತಿತ್ತು: ಇದನ್ನು ನನ್ನ ಹೊರತು ಯಾರೂ ಓದಲಾರರು. ನಾನು ಟೀ ಲೋಟ ಕೆಳಗಿಟ್ಟು ಕೈಕಟ್ಟಿ ಕೂತೆ.

"ನಾ ಮುಟ್ಟಲ್ಲ."

"ಅಂದ್ರ?"

"ಅಂದ್ರ ಮುಟ್ಟಲ್ಲ. ಡಬ್ಬಿ ಬಿಚ್ಚಿಸ್ತೀರೇನು, ಬಿಚ್ಚಸ್ರಿ. ಕೈಯಿಂದ ನಡಸೋ ಸ್ವಿಚ್ ಐತಿ, ಭತ್ತ ಕೆಡಲ್ಲ. ಓದಾಕಿ ಅಲ್ಲಿ ಕುಂತಾಳ."

ಯಜಮಾನರಿಗೆ ಸಿಟ್ಟು ಬಂತು. ಎರಡು ಭಾಷೆಗಳಲ್ಲೂ ಬಂತು. ನಾನು ಏಳಲಿಲ್ಲ. ನನ್ನ ಹಟಕ್ಕೆ ಆ ಹೆಣ್ಣುಮಗಳನ್ನು ಎಲ್ಲರ ಮುಂದೆ ನಿಲ್ಲಿಸಿದೆನಲ್ಲ ಎಂದು ಒಂದು ಗಳಿಗೆ ಅನಿಸಿತು.

ಅವಳು ಸೆರಗು ಸಿಕ್ಕಿಸಿಕೊಂಡಳು. ಪರದೆಯ ಮೇಲೆ ಬೆರಳಿಟ್ಟು, ಶಾಲೆಯ ಮಕ್ಕಳು ಪಾಠ ಒಪ್ಪಿಸುವಂತೆ ಗಟ್ಟಿಯಾಗಿ ಓದತೊಡಗಿದಳು.

"ತೇವ. ಬುಟ್ಟ್ಯಾಗ ಒಂದು ಬಂತು. ಉರಿ, ಗಾಳಿ, ಎರಡೂ, ಇದು ದೊಡ್ಡ ಬುತ್ತಿ. ಉಳಿಸಿ. ಬುತ್ತಿ ಬಿಚ್ಚಿತು, ಉರಿ ಆತು, ಗಾಳಿ ಆತು, ತೇವ ಉಳೀತು. ಬುಟ್ಟ್ಯಾಗ ಒಂದು. ಮುಂದ ಗಂಟೆ ಬುತ್ತಿ. ಉಳಿಸಿ..." ಅಲ್ಲಿ ಬೆರಳು ನಿಂತಿತು. "ಗಂಟೆ ನೋಡಿದ ಮ್ಯಾಲೂ ಉಳೀತು. ಮುಂದ ಅದನ್ನ ತೊಗೊಳ್ಳೋರು ಯಾರೂ ಇಲ್ಲ. ಮುಂದಿನ ಸಲ ಅಳದಾಗ ಇನ್ನೊಂದು ಬಂತು, ಅದೂ ಉಳೀತು. ಹಿಂಗ ಸಲಕ್ಕೊಂದು ಕೂಡಿ ಬುಟ್ಟಿ ತುಂಬೇತಿ."

ತಿರುಗಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ನಗುವೂ ನಾಚಿಕೆಯೂ ಒಟ್ಟಿಗೆ ಇದ್ದವು.

"ಅಕ್ಕಾ, ಬುಟ್ಟಿ ಬರಿದ ಮಾಡಬಾರದಂತ ಉಳಿಸೀನ್ರಿ."

ನಮ್ಮ ಕಡೆಯ ಯಾವ ಮನೆಯಲ್ಲೂ ರೊಟ್ಟಿ ಬುಟ್ಟಿಯನ್ನು ಪೂರ್ತಿ ಬರಿದು ಮಾಡುವುದಿಲ್ಲ. ಯಾರಾದರೂ ಬಂದರೆ ಬೇಕು, ಬರದಿದ್ದರೂ ಬರಿ ಬುಟ್ಟಿ ಮನೆಗೆ ಒಳ್ಳೆಯದಲ್ಲ ಎಂದು ಒಂದಾದರೂ ಬಿಟ್ಟೇ ಏಳುತ್ತೇವೆ. ಅವಳ ಕೈ ಅಭ್ಯಾಸದಂತೆ ಒಂದು ಬಿಟ್ಟಿತ್ತು. ಮನೆಯಲ್ಲಿ ಅದನ್ನು ಬೆಳಿಗ್ಗೆ ಯಾರಾದರೂ ತಿನ್ನುತ್ತಾರೆ. ಯಂತ್ರದಲ್ಲಿ ತಿನ್ನುವವರಿಲ್ಲ. ಹಮಾಲರಲ್ಲಿ ಒಬ್ಬಾತನಿಗೆ ಅದು ಮೊದಲು ಹೊಳೆದು ನಕ್ಕ, ಆಮೇಲೆ ಎಲ್ಲರೂ ನಕ್ಕರು. ಯಜಮಾನರೂ ಮೀಸೆಯಡಿಯಲ್ಲಿ ನಕ್ಕರು.

ಅವಳು ಎರಡನೆಯ 'ಉಳಿಸಿ'ಯನ್ನು ಅಳಿಸಿದಳು. ಗಂಟೆಯ ಸುತ್ತಲಿನ ಕಂಸ ಬಿಚ್ಚಿ, ಅದನ್ನು ಅಲ್ಲೇ ನಡೆಯುವ ಕೆಲಸವಾಗಿಸಿದಳು, ಕೊನೆಯವರು ಅಳತೆಯನ್ನು ಮುಗಿಸಿಯೇ ಏಳಲಿ ಎಂದು. ಡಬ್ಬಿಗೆ ಹಾಕಿದಳು. ಉರಿ ಹೊತ್ತಿತು. ನಾವು ಸಂಜೆಯವರೆಗೂ ಅಲ್ಲೇ ಕೂತೆವು, ಡ್ರೈಯರ್ ನಿಲ್ಲಲಿಲ್ಲ.

ಇಂಜಿನಿಯರ್ ಹೊರಡುವಾಗ, "ಹೆಸರಿದ್ದಿದ್ರೆ ಇನ್ನೂ ಬೇಗ ಸಿಗ್ತಿತ್ತು ಮೇಡಂ" ಎಂದ. "ಹೆಸರಿದ್ದಿದ್ರ ಆಕಿ ಸಾಲು ಬಿಟ್ಟು ಹೆಸರ ಹುಡುಕ್ತಿದ್ಲು" ಎಂದೆ. ಆ ಜಗಳ ಇನ್ನೂ ಮುಗಿದಿಲ್ಲ. ಅವನು ಈಗಲೂ ಆಗಾಗ ಫೋನ್ ಮಾಡಿ ಮುಂದುವರಿಸುತ್ತಾನೆ.

ಯಜಮಾನರು ನನ್ನನ್ನು ಗೇಟಿನವರೆಗೆ ಕಳಿಸಲು ಬಂದರು. ಸೊಸೆಯೂ ಹಿಂದೆಯೇ ಬಂದಳು.

"ಆತಮ್ಮಾ, ಡಬ್ಬಿ ಇರ್ಲಿ. ಇನ್ನೊಂದು ಸಲ ನಿಂತ್ರ ನಿನಗ ಫೋನ್ ಮಾಡಸ್ತೀನಿ. ಅಷ್ಟರಾಗ ನನ್ನ ಮಗನಿಗೂ ಚೂರು ಕಲಸು" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಸೊಸೆ ಮಾತಾಡಿದಳು. ದನಿ ಏರಿಸಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

"ಅವರಿಗೆ ಬೇಕಂದ್ರ ನಾ ಕಲಸ್ತೀನ್ರಿ ಮಾವಾರ. ಡಬ್ಬಿ ನಿಂತ್ರ ನನ್ನ ಕರೀರಿ. ಇಂಜಿನಿಯರನ್ನ ಕರೀಬ್ಯಾಡ್ರಿ." ಆಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು, "ಅಕ್ಕನ್ನೂ ಕರೀಬ್ಯಾಡ್ರಿ."